ಮನೆಯಲ್ಲೊಬ್ಬ 'ಗೀಕ್' ಇದ್ದರೆ...



ನಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ಮಗು ಒಂದಾದರೂ ಇದ್ದೇ ಇರುತ್ತದೆ. ಊರ ಹಬ್ಬಕ್ಕೆ ಬಂಧುಬಳಗವೆಲ್ಲ ಸೇರಿ ಹರಟುತ್ತಿದ್ದರೆ, ಈತ ಮೂಲೆಯಲ್ಲಿ ಕೆಟ್ಟ ರೇಡಿಯೋ ಒಂದನ್ನು ಬಿಚ್ಚಿ ಹರಡಿಕೊಂಡು ಕುಳಿತಿರುತ್ತಾನೆ. ಇಲ್ಲವೇ ಈಕೆ ಗೋಡೆಯ ಮೇಲಿನ ಇರುವೆ ಸಾಲನ್ನು ಗಂಟೆಗಟ್ಟಲೆ ನೋಡಿ ನೋಟ್‌ಬುಕ್ಕಿನಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿರುತ್ತಾಳೆ. ಒಬ್ಬನಿಗೆ ರೈಲುಗಳ ವೇಳಾಪಟ್ಟಿ ಬಾಯಿಪಾಠ, ಇನ್ನೊಬ್ಬಳಿಗೆ ನಕ್ಷತ್ರಗಳ ಗೀಳು, ಮತ್ತೊಬ್ಬನಿಗೆ ಕಂಪ್ಯೂಟರೇ ಪ್ರಪಂಚ. ತಮಗೆ ಹಿಡಿಸಿದ ವಿಷಯ ಬಂದರೆ ಮಾತು ನಿಲ್ಲದು. ಉಳಿದ ಸಮಯದಲ್ಲಿ ಮಾತೇ ಹೊರಡದು.

ಶಾಲೆಯಲ್ಲಿ ಇವರಿಗೆ 'ಕುಡುಮಿ', 'ಪುಸ್ತಕದ ಹುಳು' ಎಂಬ ಅಡ್ಡಹೆಸರುಗಳು ಬೀಳುತ್ತವೆ. ಇಂಗ್ಲಿಷ್ ಕಲಿತ ಗೆಳೆಯರು 'ಗೀಕ್' ಎನ್ನುತ್ತಾರೆ. ಪೂಜೆ ಮುಗಿದ ಮೇಲೆ ತಾಯಂದಿರು ಬಂದು, "ಫಾದರ್, ಇವನು ಯಾರ ಜೊತೆಗೂ ಬೆರೆಯೋದೇ ಇಲ್ಲ, ಇವನಿಗೋಸ್ಕರ ಒಂದು ಪ್ರಾರ್ಥನೆ ಮಾಡಿ" ಎಂದು ಬೇಡಿಕೊಳ್ಳುವುದುಂಟು. ಪ್ರಾರ್ಥನೆ ಬೇಕು, ನಿಜ. ಆದರೆ ಏನೆಂದು ಪ್ರಾರ್ಥಿಸಬೇಕು? ಆ ಗೀಳು ಬಿಟ್ಟುಹೋಗಲಿ ಎಂದೇ, ಅದು ಒಳ್ಳೆಯ ಫಲ ಕೊಡಲಿ ಎಂದೇ? ಪದೇಪದೇ ಗೇಲಿಗೊಳಗಾದ ಮಗು ತನ್ನ ಪ್ರೀತಿಯ ವಿಷಯವನ್ನು ಬಚ್ಚಿಡಲು ಕಲಿಯುತ್ತದೆ. ಕೆಲವೊಮ್ಮೆ ಅದನ್ನು ಶಾಶ್ವತವಾಗಿ ಕೈಬಿಡುತ್ತದೆ. ದೇವರು ಕೊಟ್ಟ ತಲಾಂತನ್ನು ಹೀಗೆ ನೆಲದಲ್ಲಿ ಹೂತಿಡುವಂತೆ ಮಾಡಿದವರು ಯಾರೆಂದು ಕೇಳಿದರೆ, ಉತ್ತರ ನಮ್ಮ ಮನೆ ಬಾಗಿಲಿಗೇ ಬರಬಹುದು.

ಅಡ್ಡಹೆಸರೇ ಹೆಸರಾದದ್ದು

'ಗೀಕ್' ಎಂಬುದು ಹುಟ್ಟಿನಿಂದ ಬೈಗುಳದ ಮಾತು. ಜರ್ಮನ್ ಭಾಷಾವರ್ಗದಲ್ಲಿ ಪೆದ್ದ, ಮೂರ್ಖ ಎಂಬರ್ಥದ ಪದವೊಂದು ಇದರ ಮೂಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆ ಕಚ್ಚಿ ತೋರಿಸಿ ಹೊಟ್ಟೆ ಹೊರೆಯುತ್ತಿದ್ದ ಪ್ರದರ್ಶನಕಾರರಿಗೂ ಇದೇ ಹೆಸರಿತ್ತು. ಮುಂದೆ ಅದು ಓದಿನಲ್ಲೇ ಮುಳುಗಿದ ವಿದ್ಯಾರ್ಥಿಗಳಿಗೆ ಅಂಟಿಕೊಂಡಿತು. ಕಂಪ್ಯೂಟರ್ ಯುಗ ಬಂದ ಮೇಲೆ ಆ ವಿದ್ಯಾರ್ಥಿಗಳೇ, "ಹೌದು, ನಾವು ಗೀಕ್‌ಗಳೇ" ಎಂದು ಎದೆಯುಬ್ಬಿಸಿ ಹೇಳತೊಡಗಿದರು.

ಇದರಲ್ಲಿ ನಮಗೆ ಅಚ್ಚರಿಯೇನೂ ಬೇಕಿಲ್ಲ. ಅಂತಿಯೋಕ್ಯದಲ್ಲಿ ಶಿಷ್ಯರನ್ನು ಮೊದಲ ಬಾರಿಗೆ 'ಕ್ರೈಸ್ತರು' ಎಂದು ಕರೆದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ (11:26) ಓದುತ್ತೇವೆ. ಅದು ಹೊರಗಿನವರು ಇಟ್ಟ ಹೆಸರೆಂಬುದು ಅನೇಕ ಪಂಡಿತರ ಅಭಿಪ್ರಾಯ. ಶಿಷ್ಯರು ಆ ಹೆಸರಿಗೆ ನಾಚಲಿಲ್ಲ. ಅದಕ್ಕೆ ತಕ್ಕಂತೆ ಬಾಳಿದರು.

ಹಾಗಾದರೆ ಗೀಕ್ ಎಂದರೆ ಯಾರು? ಹೆಚ್ಚು ಅಂಕ ತೆಗೆಯುವವರೆಲ್ಲ ಗೀಕ್ ಆಗುವುದಿಲ್ಲ. ರ್‍ಯಾಂಕಿಗಾಗಿ ಓದುವವನು ಪರೀಕ್ಷೆ ಮುಗಿದೊಡನೆ ಪುಸ್ತಕ ಮುಚ್ಚುತ್ತಾನೆ. ಗೀಕ್ ಆದವನಿಗೆ ಪರೀಕ್ಷೆ ಮುಗಿದ ಮೇಲೆಯೇ ಓದು ಶುರು. ಅವನಿಗೆ ಆ ವಿಷಯವೇ ಬಹುಮಾನ. ಬೇರೆಯವರಿಗೆ ಕ್ಷುಲ್ಲಕವೆನಿಸುವ ಸಣ್ಣ ವಿವರದಲ್ಲೂ ಅವನಿಗೊಂದು ಬೆರಗು ಕಾಣುತ್ತದೆ. ರಾಜ ಸೊಲೊಮೋನನು ಲೆಬನೋನಿನ ದೇವದಾರುವಿನಿಂದ ಹಿಡಿದು ಗೋಡೆಯ ಮೇಲೆ ಬೆಳೆಯುವ ಪುಟ್ಟ ಗಿಡದವರೆಗೆ ಎಲ್ಲ ಸಸ್ಯಗಳ ಬಗ್ಗೆ ಮಾತನಾಡುತ್ತಿದ್ದನೆಂದು ಪವಿತ್ರ ಬೈಬಲ್ ಹೇಳುತ್ತದೆ. ದೇವರಿತ್ತ ಜ್ಞಾನವನ್ನು ವರ್ಣಿಸುವಾಗ ಆ ಗೋಡೆಯ ಗಿಡವನ್ನೂ ಮರೆಯದೆ ಹೆಸರಿಸಿರುವುದು ಗಮನಾರ್ಹವಲ್ಲವೇ?

'ಮೂಕ ಎತ್ತು' ಕಲಿಸಿದ ಸದ್ಗುಣ

ಹದಿಮೂರನೆಯ ಶತಮಾನದಲ್ಲಿ ಮಹಾಜ್ಞಾನಿ ಸಂತ ಆಲ್ಬರ್ಟರ ಬಳಿ ಒಬ್ಬ ದಪ್ಪ ಮೈಯ, ಬಾಯಿಬಿಡದ ವಿದ್ಯಾರ್ಥಿ ಇದ್ದ. ಸಹಪಾಠಿಗಳು ಅವನಿಗೆ 'ಮೂಕ ಎತ್ತು' ಎಂದು ಹೆಸರಿಟ್ಟಿದ್ದರು. ಈ ಎತ್ತಿನ ಕೂಗು ಒಂದು ದಿನ ಲೋಕಕ್ಕೆಲ್ಲ ಕೇಳಿಸುತ್ತದೆಂದು ಆಲ್ಬರ್ಟರು ಹೇಳಿದರಂತೆ. ಆತನೇ ಸಂತ ತೋಮಸ್ ಅಕ್ವಿನಾಸ್. ಫ್ರಾನ್ಸಿನ ರಾಜ ಒಂಬತ್ತನೆಯ ಲೂಯಿಯ ಔತಣದಲ್ಲಿ ಕುಳಿತಿದ್ದಾಗಲೂ ಅವರ ಮನಸ್ಸು ಎಲ್ಲೋ ಇತ್ತು. ಇದ್ದಕ್ಕಿದ್ದಂತೆ ಮೇಜು ಗುದ್ದಿ, ಪಾಷಂಡಿಗಳ ವಾದವೊಂದಕ್ಕೆ ಉತ್ತರ ಸಿಕ್ಕಿತೆಂದು ಕೂಗಿದರೆಂದು ಅವರ ಹಳೆಯ ಜೀವನಚರಿತ್ರೆಗಳು ತಿಳಿಸುತ್ತವೆ. ರಾಜರು ಸಿಟ್ಟಾಗುವ ಬದಲು, ಆ ವಿಚಾರ ಮರೆತುಹೋಗುವ ಮುನ್ನ ಬರೆದುಕೊಳ್ಳಲು ಲಿಪಿಕಾರನನ್ನು ಕರೆಸಿದರಂತೆ. ಔತಣಕ್ಕೆ ಬಂದು ಹೀಗೆ ವರ್ತಿಸುವ ನೆಂಟನನ್ನು ನಾವು ಎಷ್ಟರಮಟ್ಟಿಗೆ ಸಹಿಸಿಯೇವು?

ಇಂಥ ಸ್ವಭಾವವನ್ನು ಒಳಗಿನಿಂದ ಬಲ್ಲ ತೋಮಸರು ತಮ್ಮ 'ಸುಮ್ಮಾ ಥಿಯೋಲೊಜಿಯೆ' ಎಂಬ ಮಹಾಗ್ರಂಥದಲ್ಲಿ, ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, ಇದಕ್ಕೊಂದು ಸದ್ಗುಣದ ಹೆಸರು ಕೊಟ್ಟಿದ್ದಾರೆ (ಪ್ರಶ್ನೆ 166). ಲತೀನಿನಲ್ಲಿ 'ಸ್ಟುಡಿಯೋಸಿತಾಸ್', ನಮ್ಮ ಮಾತಿನಲ್ಲಿ ಅಧ್ಯಯನಶೀಲತೆ. ಇದನ್ನು ಅವರು ಮಿತಸಂಯಮದ ಸದ್ಗುಣದ ಕೆಳಗೆ ಇಟ್ಟಿರುವುದೇ ಒಂದು ಸ್ವಾರಸ್ಯ. ಊಟಕ್ಕೆ ಮಿತಿ ಬೇಕು, ಸರಿ, ಓದಿಗೂ ಬೇಕೇ?

ಅವರ ವಿವರಣೆ ಸರಳವಾಗಿದೆ. ಮನುಷ್ಯನಲ್ಲಿ ಎರಡು ಎಳೆತಗಳಿವೆ. ಮನಸ್ಸು ಕಂಡದ್ದನ್ನೆಲ್ಲ ತಿಳಿಯಲು ಹಾತೊರೆಯುತ್ತದೆ. ಅದಕ್ಕೆ ಕಡಿವಾಣ ಬೇಕು. ದೇಹವಾದರೋ ಕಲಿಕೆಯ ಶ್ರಮಕ್ಕೆ ಹಿಂದೇಟು ಹಾಕುತ್ತದೆ. ಅದಕ್ಕೆ ಚಾವಟಿ ಬೇಕು. ಈ ಎರಡನ್ನೂ ಮಾಡುವ ಗುಣವೇ ಅಧ್ಯಯನಶೀಲತೆ. ಇದಕ್ಕೆ ವಿರುದ್ಧವಾದ ಅವಗುಣವನ್ನು ಅವರು 'ಕುರಿಯೋಸಿತಾಸ್' ಎನ್ನುತ್ತಾರೆ (ಪ್ರಶ್ನೆ 167). ಅದನ್ನು ಅರಿವಿನ ಚಪಲ ಎನ್ನಬಹುದು: ಎಲ್ಲವನ್ನೂ ನೋಡುವುದು, ಯಾವುದರಲ್ಲೂ ನಿಲ್ಲದಿರುವುದು.

ಇಂದು ಮೊಬೈಲ್ ಹಿಡಿದ ಕೈಗಳಿಗೆ ಈ ವಿವೇಚನೆ ಎಷ್ಟು ಅಗತ್ಯ! ರಾತ್ರಿಯೆಲ್ಲ ಬೆರಳಾಡಿಸಿ ಒಂದರ ಮೇಲೊಂದು ವಿಡಿಯೋ ನೋಡಿದವನು ಗೀಕ್ ಅಲ್ಲ. ಬೆಳಿಗ್ಗೆ ಅವನಿಗೆ ಅವುಗಳಲ್ಲಿ ಮೂರೂ ನೆನಪಿರುವುದಿಲ್ಲ. ಆ ವಿಡಿಯೋ ಮೊಬೈಲಿಗೆ ಹೇಗೆ ತಲುಪುತ್ತದೆಂದು ತಿಳಿಯಲು ವಾರಗಟ್ಟಲೆ ಒದ್ದಾಡುವ ಹುಡುಗಿ ಬೇರೆ ಜಾತಿಯವಳು. ಇಬ್ಬರ ಕಣ್ಣೂ ಪರದೆಯ ಮೇಲಿದೆ ಎಂಬ ಮಾತ್ರಕ್ಕೆ ಇಬ್ಬರನ್ನೂ ಒಂದೇ ಬೈಗುಳದಲ್ಲಿ ಬೈಯಬಾರದು.

ಒಂದು ಪುಟ್ಟ ಪದದ ಬೆನ್ನುಹತ್ತಿದ ಗುರು

ಗೀಕ್‌ತನವನ್ನು ಮನಸಾರೆ ಅಪ್ಪಿಕೊಂಡವರಲ್ಲಿ ಯೇಸುಸಭೆಯ ಗುರು ರೊಬೆರ್ತೋ ಬೂಸಾ ಅವರದು ಅಪರೂಪದ ಉದಾಹರಣೆ. 1913ರಲ್ಲಿ ಇಟಲಿಯ ವಿಚೆಂಜಾದಲ್ಲಿ ಹುಟ್ಟಿದ ಇವರು ಸಂತ ತೋಮಸರ ಬರಹಗಳಲ್ಲಿ 'ಸಾನ್ನಿಧ್ಯ' ಎಂಬ ವಿಚಾರದ ಬಗ್ಗೆ ಸಂಶೋಧನೆ ಆರಂಭಿಸಿದರು. ಹುಡುಕುತ್ತ ಹೋದಂತೆ ಅವರಿಗೊಂದು ಸಂಗತಿ ಹೊಳೆಯಿತು: ತೋಮಸರು ಸಾನ್ನಿಧ್ಯವನ್ನು ದೊಡ್ಡ ಪದಗಳಿಗಿಂತ 'ಇನ್' ಎಂಬ ಪುಟ್ಟ ಲತೀನ್ ಪದದಲ್ಲಿ ಹೇಳುತ್ತಾರೆ. ನಮ್ಮ ವ್ಯಾಕರಣದ ಸಪ್ತಮೀ ವಿಭಕ್ತಿ ಇದ್ದ ಹಾಗೆ. 'ಮನೆಯಲ್ಲಿ', 'ಹೃದಯದಲ್ಲಿ', 'ಕ್ರಿಸ್ತನಲ್ಲಿ' ಎನ್ನುವಾಗ ಆ 'ಅಲ್ಲಿ'ಯನ್ನು ನಾವು ಯಾರೂ ಗಮನಿಸುವುದಿಲ್ಲ. ಬೂಸಾ ಗಮನಿಸಿದರು. ಅದಕ್ಕಾಗಿ ಸುಮಾರು 10,000 ಚೀಟಿಗಳನ್ನು ಕೈಯಾರೆ ಬರೆದರು.

ಅಷ್ಟಕ್ಕೇ ಬಿಡದೆ, ತೋಮಸರ ಎಲ್ಲ ಬರಹಗಳ ಎಲ್ಲ ಪದಗಳಿಗೂ ಸೂಚಿ ಮಾಡಬೇಕೆಂದು ಹೊರಟರು. ಒಂದು ಕೋಟಿಗೂ ಮಿಕ್ಕಿದ ಪದಗಳು! ಕೈಬರಹದಲ್ಲಿ ಅದು ಆಗದ ಮಾತು. 1949ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್‌ರನ್ನು ಕಂಡರು. ಲೆಕ್ಕಪತ್ರಕ್ಕೆಂದು ಮಾಡಿದ ಯಂತ್ರಗಳು ಈ ಕೆಲಸಕ್ಕೆ ಆಗವೆಂದು ಅಧಿಕಾರಿಗಳು ಆಗಲೇ ವರದಿ ಕೊಟ್ಟಿದ್ದರು. ಆದರೆ ಬೂಸಾ, ಅಸಾಧ್ಯವಾದದ್ದಕ್ಕೆ ಕೊಂಚ ಹೆಚ್ಚು ಸಮಯ ಬೇಕಷ್ಟೇ ಎಂಬರ್ಥದ ಆ ಕಂಪನಿಯದೇ ಭಿತ್ತಿಪತ್ರವೊಂದನ್ನು ವಾಟ್ಸನ್‌ರ ಮೇಜಿನ ಮೇಲಿಟ್ಟರೆಂದು ಮುಂದೆ ತಾವೇ ನೆನಪಿಸಿಕೊಂಡಿದ್ದಾರೆ. ನೆರವು ದೊರೆಯಿತು.

ಕೆಲಸ ಮುಗಿಯಲು ಸುಮಾರು 30 ವರ್ಷ ಹಿಡಿಯಿತು. ಇಟಲಿಯ ಗಲ್ಲರಾತೆಯಲ್ಲಿ ತರಬೇತಿ ಪಡೆದ ಯುವತಿಯರು ಲಕ್ಷಾಂತರ ಕಾರ್ಡುಗಳಲ್ಲಿ ತೂತು ಹೊಡೆದು ಯಂತ್ರಗಳಿಗೆ ಪದಗಳನ್ನು ಉಣಿಸಿದರು. ಲೋಕ ಅವರ ಹೆಸರುಗಳನ್ನು ಬಹುಕಾಲ ಮರೆತಿತ್ತು. ಅವರ ಬೆರಳುಗಳಿಲ್ಲದೆ ಈ ಸೂಚಿ ಇಲ್ಲ. 1980ರ ಹೊತ್ತಿಗೆ 56 ಸಂಪುಟಗಳು ಮುದ್ರಣಗೊಂಡವು. 2005ರಲ್ಲಿ ಅದು ಅಂತರಜಾಲಕ್ಕೂ ಬಂತು. ಇಂದು ಕಂಪ್ಯೂಟರಿನಲ್ಲಿ ನಾವು ಪದವೊಂದನ್ನು ಬರೆದು ಹುಡುಕುತ್ತೇವಲ್ಲ, ಭಾಷೆ ಮತ್ತು ಯಂತ್ರವನ್ನು ಜೋಡಿಸಿದ ಆ ವಿದ್ಯೆಯ ಆದ್ಯರಲ್ಲಿ ಬೂಸಾ ಒಬ್ಬರೆಂದು ವಿದ್ವಾಂಸರು ಗೌರವಿಸುತ್ತಾರೆ. ಅವರು 2011ರಲ್ಲಿ, 97ನೆಯ ವಯಸ್ಸಿನಲ್ಲಿ ದೈವಾಧೀನರಾದರು.

ಗೀಕ್‌ತನವನ್ನು ಅಪ್ಪಿಕೊಳ್ಳುವುದು ಎಂದರೇನೆಂದು ಇಲ್ಲಿ ಕಾಣುತ್ತದೆ. ಬೂಸಾ ತಮ್ಮ ಗೀಳಿಗೆ ನಾಚಲಿಲ್ಲ, ಅದನ್ನು ಮೆರೆಸಲೂ ಇಲ್ಲ. ಇನ್ನೊಬ್ಬರ ಮಾತನ್ನು ಸರಿಯಾಗಿ ಅರಿಯಲು, ಮುಂದಿನವರ ಓದಿಗೆ ದಾರಿಯಾಗಲು ಅದನ್ನು ಒಪ್ಪಿಸಿಬಿಟ್ಟರು. ದಾವೀದನನ್ನು ನೆನೆಯಿರಿ. ಸೌಲನು ತೊಡಿಸಿದ ಯುದ್ಧಕವಚ ಅವನಿಗೆ ಹೊಂದಲಿಲ್ಲ. ಅದನ್ನು ಕಳಚಿಟ್ಟು, ಕುರಿ ಕಾಯುತ್ತ ಕೈಗೆ ಪಳಗಿದ ಕವಣೆಯನ್ನೇ ಹಿಡಿದು ಹೊರಟ (1 ಸಮುವೇಲ 17). ಎಲ್ಲರಂತೆ ಕಾಣಬೇಕೆಂಬ ಕವಚವನ್ನು ಕಳಚುವುದು ಮೊದಲ ಹೆಜ್ಜೆ. ಆದರೆ ದಾವೀದ ಆ ಕವಣೆಯನ್ನು ಬೀಸಿದ್ದು ತನ್ನ ಜನರಿಗಾಗಿ. ಈ ಎರಡನೆಯ ಹೆಜ್ಜೆ ಇಲ್ಲದಿದ್ದರೆ ಮೊದಲನೆಯದು ಬರೀ ಹಟವಾದೀತು.

ತೋಟ ಬಿಟ್ಟುಕೊಟ್ಟ ಮಠಾಧಿಪತಿ

ಇನ್ನು ತಂದೆತಾಯಿಗಳ ಪಾಲು. ಬ್ರನೋ ನಗರದ ಅಗುಸ್ತೀನಿಯನ್ ಮಠದಲ್ಲಿ ಗ್ರೆಗೊರ್ ಮೆಂಡೆಲ್ ಎಂಬ ಯುವ ಗುರುಗಳಿದ್ದರು, ರೈತನ ಮಗ. ರೋಗಿಗಳ ಹಾಸಿಗೆಯ ಬಳಿ ಹೋಗುವುದೆಂದರೆ ಸಂಕೋಚ, ಸಂಕಟದಿಂದ ತಾವೇ ಕಾಯಿಲೆ ಬೀಳುತ್ತಿದ್ದರು. "ಗುರುವಾಗಿ ರೋಗಿಗಳನ್ನು ಕಾಣಲಾರೆ ಎಂದರೆ ಹೇಗೆ?" ಎಂದು ಗದರಿಸಬಹುದಿತ್ತು. ಮಠಾಧಿಪತಿ ಸಿರಿಲ್ ನಾಪ್ ಹಾಗೆ ಮಾಡಲಿಲ್ಲ. 1849ರಲ್ಲಿ ಅವರನ್ನು ಪಾಠ ಹೇಳಲು ಕಳುಹಿಸಿದರು. ಮೆಂಡೆಲ್ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ನಾಪ್ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು, ಮಠದ ತೋಟದಲ್ಲಿ ಜಾಗ ಕೊಟ್ಟರು, ಗಿಡಗಳಿಗೆಂದು ಗಾಜಿನ ಮನೆ ಕಟ್ಟಿಸಿದರು.

1856ರಿಂದ 1863ರವರೆಗೆ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆಸಿದರು, ಸುಮಾರು 28,000. ಕಾಳು ನುಣುಪೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ ಎಂದು ಏಳು ಲಕ್ಷಣಗಳನ್ನು ಒಂದೊಂದಾಗಿ ಎಣಿಸಿದರು. 1865ರಲ್ಲಿ ಊರಿನ ವಿಜ್ಞಾನ ಸಂಘದಲ್ಲಿ ಎರಡು ಉಪನ್ಯಾಸ ಕೊಟ್ಟರು, ಮರುವರ್ಷ ಅದು ಅಚ್ಚಾಯಿತು. ಅದರ ಬೆಲೆ ಯಾರಿಗೂ ತಿಳಿಯಲಿಲ್ಲ. ಮಠಾಧಿಪತಿಯಾಗಿ, ಆಡಳಿತದ ಹೊರೆ ಹೊತ್ತು, ಅವರು 1884ರಲ್ಲಿ ತೀರಿಕೊಂಡರು. 1900ರಲ್ಲಷ್ಟೇ ವಿಜ್ಞಾನಿಗಳು ಆ ಲೇಖನದ ಮಹತ್ವವನ್ನು ಗುರುತಿಸಿದರು. ಅನುವಂಶೀಯತೆಯ ವಿಜ್ಞಾನಕ್ಕೆ ಅದೇ ಬುನಾದಿಯಾಯಿತು. ಮೆಂಡೆಲ್ ಹೆಸರು ಇಂದು ಎಲ್ಲ ಶಾಲಾ ಪುಸ್ತಕಗಳಲ್ಲಿದೆ. ನಾಪ್ ಹೆಸರು ಬಲ್ಲವರು ವಿರಳ. ಆದರೂ ಪ್ರತಿಯೊಬ್ಬ ತಂದೆತಾಯಿಯೂ ಧ್ಯಾನಿಸಬೇಕಾದ ಹೆಸರು ಅದೇ.

ಗೇಲಿ ಮಾಡುವುದು ಒಂದು ತಪ್ಪಾದರೆ, ಮೆರೆಸುವುದು ಇನ್ನೊಂದು. ಹದಿನೆಂಟನೆಯ ಶತಮಾನದಲ್ಲಿ ಮಿಲಾನಿನ ಮರಿಯಾ ಗಯೆತಾನಾ ಆಗ್ನೆಸಿಯನ್ನು ತಂದೆ ಅತಿಥಿಗಳ ಮುಂದೆ ನಿಲ್ಲಿಸಿ ಲತೀನಿನಲ್ಲಿ ವಾದ ಮಾಡಿಸುತ್ತಿದ್ದರು. ಆಕೆಗೆ ಅದು ಹಿಂಸೆಯಾಗಿತ್ತು. ಗಣಿತವೇನೋ ಆಕೆಗೆ ಪ್ರಿಯವೇ. 1748ರಲ್ಲಿ ಆಕೆಯ ಗಣಿತ ಗ್ರಂಥ ಹೊರಬಂದು ಯೂರೋಪಿನ ವಿದ್ವಾಂಸರ ಮೆಚ್ಚುಗೆ ಪಡೆಯಿತು. ಆದರೆ ಮುಂದಿನ ಬಾಳನ್ನು ಆಕೆ ಬಡ, ರೋಗಿಷ್ಠ ಸ್ತ್ರೀಯರ ಸೇವೆಗೆ ಮುಡಿಪಿಟ್ಟಳು. ನೆಂಟರ ಮುಂದೆ "ಅದೊಂದು ಹೇಳಿ ತೋರಿಸು ಪುಟ್ಟಾ" ಎನ್ನುವ ನಮಗೆ ಇದರಲ್ಲಿ ಪಾಠವಿದೆ.

ಹನ್ನೆರಡರ ಹರೆಯದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಕೇಳುತ್ತ, ಪ್ರಶ್ನಿಸುತ್ತ ಇದ್ದಾಗ ತಂದೆತಾಯಿ ಮೂರು ದಿನ ಪರಿತಪಿಸಿದರು. ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಮಾತೆ ಮರಿಯಮ್ಮನವರು ಹಳಿಯಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡರು. ಮಗನೂ ಅವರೊಡನೆ ನಜರೇತಿಗೆ ಇಳಿದುಬಂದು ವಿಧೇಯನಾಗಿದ್ದ (ಲೂಕ 2:46-51). ತಂದೆತಾಯಿಗೂ ಮಕ್ಕಳಿಗೂ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಅತಿಯಾದರೆ ಅಮೃತವೂ ವಿಷ

ಗೀಕ್‌ತನಕ್ಕೆ ತನ್ನದೇ ಅಪಾಯಗಳಿವೆ. ತೋಮಸರು ಎಚ್ಚರಿಸುವ ಕೆಲವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ತಿಳಿದವನೆಂಬ ಗರ್ವ ಬರಬಹುದು, ಮಾಡಲೇಬೇಕಾದ ಕರ್ತವ್ಯ ಹಿಂದೆ ಬೀಳಬಹುದು, ಸೃಷ್ಟಿಯಲ್ಲೇ ಮುಳುಗಿ ಸೃಷ್ಟಿಕರ್ತನನ್ನು ಮರೆಯಬಹುದು. ಜ್ಞಾನದಿಂದ ಮನುಷ್ಯ ಉಬ್ಬುತ್ತಾನೆ, ಪ್ರೀತಿಯಿಂದ ಬೆಳೆಯುತ್ತಾನೆ ಎಂಬುದು ಸಂತ ಪೌಲರು ಕೊರಿಂಥದವರಿಗೆ ಕಲಿಸಿದ ಪಾಠ. ತನ್ನಷ್ಟು ತಿಳಿಯದವರನ್ನು ಹೀಗಳೆಯುವ ಗೀಕ್, ನಿನ್ನೆ ತನ್ನನ್ನು ಗೇಲಿ ಮಾಡಿದವರ ಸಾಲಿಗೇ ಇಂದು ಸೇರಿರುತ್ತಾನೆ.

ಈ ಸಮತೋಲನಕ್ಕೆ ನಮ್ಮ ಕಾಲದ ಸಾಕ್ಷಿ ಸಂತ ಕಾರ್ಲೋ ಅಕ್ಯುತಿಸ್. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಮಿಲಾನಿನಲ್ಲಿ ಬೆಳೆದ ಈ ಹುಡುಗ ಕಾಲೇಜು ಮಟ್ಟದ ಪುಸ್ತಕಗಳಿಂದ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತ. ವಿಡಿಯೋ ಆಟಗಳೆಂದರೆ ಇಷ್ಟ. ಆದರೆ ವಾರಕ್ಕೆ ಒಂದೇ ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದ. ದಿನವೂ ಬಲಿಪೂಜೆ. ತನ್ನ ವಿದ್ಯೆಯನ್ನೆಲ್ಲ ಬಳಸಿ ಪರಮಪ್ರಸಾದದ ಅದ್ಭುತಗಳ ಪ್ರದರ್ಶನವೊಂದನ್ನು ಸಿದ್ಧಪಡಿಸಿದ. ಮನೆಯ ಸುತ್ತಲ ನಿರ್ಗತಿಕರಿಗೆ ಊಟ ಒಯ್ಯುತ್ತಿದ್ದ. ರಕ್ತದ ಕ್ಯಾನ್ಸರಿನಿಂದ 2006ರ ಅಕ್ಟೋಬರ್ 12ರಂದು, 15ನೆಯ ವಯಸ್ಸಿನಲ್ಲಿ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಆತನನ್ನು ಸಂತರ ಸಾಲಿಗೆ ಸೇರಿಸಿದರು. ಸಂತನಾಗಲು ಕಾರ್ಲೋ ಕಂಪ್ಯೂಟರನ್ನು ಎಸೆಯಬೇಕಾಗಲಿಲ್ಲ; ಅದಕ್ಕೆ ಒಡೆಯ ಯಾರೆಂದು ತೀರ್ಮಾನಿಸಿದರೆ ಸಾಕಾಯಿತು.

ಹಾಗಾದರೆ ಏನು ಮಾಡೋಣ?

1. ಮಗುವಿನ ಆಸಕ್ತಿಯನ್ನು ಅದರ ಹೆಸರಿನಿಂದಲೇ ಕರೆಯೋಣ. "ಏನೋ ಒಂದು ಹುಚ್ಚು" ಎನ್ನುವುದರ ಬದಲು, "ಇವಳಿಗೆ ಹಕ್ಕಿಗಳೆಂದರೆ ಪ್ರಾಣ" ಎನ್ನೋಣ.

2. ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಕೇಳೋಣ. ಅರ್ಥವಾಗದಿದ್ದರೂ ಚಿಂತೆಯಿಲ್ಲ, ಒಂದು ಪ್ರಶ್ನೆ ಕೇಳಿದರೆ ಸಾಕು.

3. ಸಣ್ಣದೊಂದು ತೋಟ ಕೊಡೋಣ: ಒಂದು ಕಪಾಟು, ಹಳೆಯ ಉಪಕರಣ, ಗ್ರಂಥಾಲಯದ ಸದಸ್ಯತ್ವ, ತಿಳಿದವರೊಬ್ಬರ ಪರಿಚಯ.

4. ಮನೆಯ ಕೆಲಸ, ಊಟದ ಹೊತ್ತು, ಜಪಸರದ ಪ್ರಾರ್ಥನೆ ಇವುಗಳಿಂದ ವಿನಾಯಿತಿ ಬೇಡ. ಗೀಕ್ ಆದವನೂ ತಟ್ಟೆ ತೊಳೆಯಬಹುದು.

5. ಆ ವಿದ್ಯೆಗೊಂದು ಸೇವೆಯ ದಾರಿ ತೋರಿಸೋಣ. ಧರ್ಮಕೇಂದ್ರದ ಹಳೆಯ ದಾಖಲೆಗಳ ಪಟ್ಟಿ ಮಾಡಲು, ಕೆಟ್ಟ ಮೈಕ್ ಸರಿಪಡಿಸಲು, ಹಿಂದುಳಿದ ಮಗುವಿಗೆ ಲೆಕ್ಕ ಹೇಳಿಕೊಡಲು ಇವರಿಗಿಂತ ಯೋಗ್ಯರು ಯಾರು?

ಮತ್ತು ಈ ಪುಟವನ್ನು ಓದುತ್ತಿರುವ ಗೀಕ್ ಮಗುವೇ, ನಿನಗೊಂದು ಮಾತು. ನಿನ್ನ ವಿಷಯವನ್ನು ಪ್ರೀತಿಸು, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಆದರೆ 1273ರ ಡಿಸೆಂಬರಿನ ಒಂದು ಬೆಳಿಗ್ಗೆಯನ್ನು ನೆನಪಿಡು. ಬಲಿಪೂಜೆಯ ವೇಳೆ ಏನನ್ನೋ ಕಂಡ ಸಂತ ತೋಮಸರು ಅಂದಿನಿಂದ ಲೇಖನಿ ಕೆಳಗಿಟ್ಟರು. ಕಂಡದ್ದರ ಮುಂದೆ ತಾನು ಬರೆದದ್ದೆಲ್ಲ ಒಣಹುಲ್ಲಿನಂತೆ ತೋರುತ್ತಿದೆ ಎಂದರಂತೆ. ಆ ಹುಲ್ಲನ್ನು ಧರ್ಮಸಭೆ ಏಳೂವರೆ ಶತಮಾನಗಳಿಂದ ಜೋಪಾನವಾಗಿ ಇಟ್ಟುಕೊಂಡಿದೆ. ಬೂಸಾ ಅದರ ಎಸಳೆಸಳನ್ನೂ ಎಣಿಸಿದರು. ನೀನೂ ನಿನ್ನ ಪಾಲಿನದನ್ನು ಶ್ರದ್ಧೆಯಿಂದ ಎಣಿಸು. ಎಣಿಕೆ ಮುಗಿಯದ ಒಬ್ಬನು ಇದ್ದಾನೆಂಬುದನ್ನು ಮರೆಯಬೇಡ.

ಕುಟುಂಬದಲ್ಲಿ ಚರ್ಚಿಸಲು

* ನಮ್ಮ ಮನೆಯಲ್ಲಿ ಯಾರ ಆಸಕ್ತಿಯನ್ನು ನಾವು ಹೆಚ್ಚಾಗಿ ಗೇಲಿ ಮಾಡುತ್ತೇವೆ? ಏಕೆ?
* ನಮ್ಮ ಮೊಬೈಲ್ ಬಳಕೆಯಲ್ಲಿ ಅಧ್ಯಯನಶೀಲತೆ ಎಷ್ಟು, ಅರಿವಿನ ಚಪಲ ಎಷ್ಟು?
* ಮಠಾಧಿಪತಿ ನಾಪ್ ಅವರಂತೆ ಈ ತಿಂಗಳು ಯಾರಿಗೆ, ಯಾವ 'ತೋಟ'ವನ್ನು ಬಿಟ್ಟುಕೊಡಬಲ್ಲೆವು?